ಲ್ಯಾಪ್‌ಟಾಪ್ ಚಾರ್ಜ್ ಎಲ್ಲಿಗೆ ಹೋಗುತ್ತೆ?

ಹೋದ ಸೆಮ್‌ನಲ್ಲಿ ಲ್ಯಾಬ್ ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಕರೆಂಟ್ ಹೋಯ್ತು. ನಮ್ಮ ರೂಮಿನ ಮೂರು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಒಂದು ಗಂಟೆಯೊಳಗೆ ಆಫ್ ಆದವು. ಮೂರನೆಯದನ್ನ ಬ್ಯಾಗಿನಿಂದ ತೆಗೆದರೆ ದೋಸೆ ಹೆಂಚಿನ ಹಾಗೆ ಬಿಸಿ, ಚಾರ್ಜ್ 4%. ಮಧ್ಯಾಹ್ನ ಫುಲ್ ಇತ್ತು! ಮೊಬೈಲ್ ಟಾರ್ಚ್‌ನಲ್ಲಿ ರೆಕಾರ್ಡ್ ಬುಕ್ ಓದಿ ಹೋದ್ವಿ. ಮಾರ್ಕ್ಸ್ ವಿಷಯ ಬೇಡ ಬಿಡಿ. ಆಮೇಲೆ ಮೂರನ್ನೂ ಕೂತು ಪರೀಕ್ಷೆ ಮಾಡಿದ್ವಿ.

ಮೊದಲು ಲೆಕ್ಕ. 45 ವ್ಯಾಟ್-ಅವರ್ ಬ್ಯಾಟರಿಯಿಂದ ಲ್ಯಾಪ್‌ಟಾಪ್ 15 ವ್ಯಾಟ್ ಎಳೆದರೆ 3 ಗಂಟೆ ಬರುತ್ತೆ, 9 ವ್ಯಾಟ್ ಎಳೆದರೆ 5 ಗಂಟೆ. ಆದರೆ ಆ 45 ಇರೋದು ಬ್ಯಾಟರಿ ಹೊಸದಾಗಿದ್ದಾಗ ಮಾತ್ರ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಷ್, ಬ್ಯಾಟರಿರಿಪೋರ್ಟ್ ಅಂತ (ಇಂಗ್ಲಿಷ್ ಅಕ್ಷರಗಳಲ್ಲೇ!) ಟೈಪ್ ಮಾಡಿದರೆ ಒಂದು ರಿಪೋರ್ಟ್ ಸೇವ್ ಆಗುತ್ತೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಎರಡನ್ನೂ ಹೋಲಿಸಿ. ನಮ್ಮ ಮೊದಲನೇ ಲ್ಯಾಪ್‌ಟಾಪ್‌ನಲ್ಲಿ ಅರ್ಧ ಕೂಡ ಉಳಿದಿರಲಿಲ್ಲ. ಅದಕ್ಕೆ ಹೊಸ ಬ್ಯಾಟರಿಯೇ ಗತಿ.

ಎರಡನೆಯದು ಗೇಮಿಂಗ್ ಲ್ಯಾಪ್‌ಟಾಪ್. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಕಳ್ಳ ಸಿಕ್ಕಿದ: ಒಂದು ಲೈವ್ ವಾಲ್‌ಪೇಪರ್, ಗ್ರಾಫಿಕ್ಸ್ ಕಾರ್ಡನ್ನ ಮಲಗೋಕೇ ಬಿಡ್ತಿರಲಿಲ್ಲ. ಅದನ್ನ ತೆಗೆದು, ಪವರ್ ಮೋಡ್ ಕಮ್ಮಿ ಮಾಡಿದ್ವಿ. ಪವರ್ ಮೋಡ್ ಕೆಲಸ ಮಾಡೋದು ಯಾಕೆ ಅಂದ್ರೆ, ಚಿಪ್‌ನ ಡೈನಾಮಿಕ್ ಪವರ್ ಫ್ರೀಕ್ವೆನ್ಸಿಗೆ ಮತ್ತು ವೋಲ್ಟೇಜ್‌ನ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಕ್ಲಾಕ್ ಇಳಿಸಿದರೆ ವೋಲ್ಟೇಜನ್ನೂ ಇಳಿಸಬಹುದು. ಎರಡೂ 10% ಇಳಿದರೆ ಪವರ್ 0.9 ರ ಘನ, ಅಂದರೆ ಸುಮಾರು 27% ಕಮ್ಮಿ. ಕೋಡ್ ಟೈಪ್ ಮಾಡುವಾಗ ಆ 10% ವೇಗ ಯಾರಿಗೂ ಗೊತ್ತಾಗಲ್ಲ. ಸ್ಕ್ರೀನ್ ಬ್ರೈಟ್‌ನೆಸ್ ಇಳಿಸೋದು ಎಲ್ಲರಿಗೂ ಗೊತ್ತಿರೋದೇ.

ಇನ್ನು ಬ್ಯಾಗಿನೊಳಗಿನ ಹೆಂಚು. ಮುಚ್ಚಳ ಮುಚ್ಚಿದರೆ ಆಫ್ ಅಂತ ನಾವು ಅಂದ್ಕೊಂಡಿದ್ವಿ. ಅದು ಬರೀ ಸ್ಲೀಪ್. ಸ್ಲೀಪ್‌ನಲ್ಲಿ ರ್‍ಯಾಮ್‌ಗೆ ಕರೆಂಟ್ ಹೋಗ್ತಾನೇ ಇರುತ್ತೆ. ಸಾಲದ್ದಕ್ಕೆ ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಲ್ಲೂ ಮೊಬೈಲ್ ಥರ ಆಗಾಗ ಎದ್ದು ಅಪ್‌ಡೇಟ್, ಮೇಲ್ ನೋಡ್ತವೆ. ಗಾಳಿಯಾಡದ ಬ್ಯಾಗಿನಲ್ಲಿ ಹೀಗೆ ಎದ್ದು ಕೂತರೆ ಬಿಸಿಯಾಗದೆ ಇನ್ನೇನು? ಆ ಬಿಸಿಗೆ ಬ್ಯಾಟರಿಯ ಆಯಸ್ಸೂ ಕಮ್ಮಿಯಾಗುತ್ತೆ.

ಹೈಬರ್ನೇಟ್ ಹಾಗಲ್ಲ. ರ್‍ಯಾಮ್‌ನಲ್ಲಿರೋದನ್ನ ಡಿಸ್ಕ್‌ಗೆ ಬರೆದು ಮಷೀನ್ ಪೂರ್ತಿ ಆಫ್ ಆಗುತ್ತೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಮುಚ್ಚಿದಾಗ ಏನಾಗಬೇಕು ಅನ್ನೋ ಕಡೆ ಸ್ಲೀಪ್ ತೆಗೆದು ಹೈಬರ್ನೇಟ್ ಹಾಕಿ. ತೆರೆದಾಗ ಒಂದಿಷ್ಟು ಸೆಕೆಂಡ್ ಜಾಸ್ತಿ ಕಾಯಬೇಕು. ರಾತ್ರಿ ಬಿಟ್ಟ ಕೋಡ್ ಬೆಳಿಗ್ಗೆ ಹಾಗೇ ಇರುತ್ತೆ, ಚಾರ್ಜೂ ಹೆಚ್ಚುಕಮ್ಮಿ ಹಾಗೇ.