ದಿಮ್ಮಸು ಹೊಡೆದ ಗೋಡೆ

ಬೆಂಗಳೂರಿನ ಪಟ್ಟಂದೂರು ಅಗ್ರಹಾರದ ಸುತ್ತ ಪಾಯ ತೋಡಿದರೆ ಸಿಗುವುದು ಕೆಂಪು ಮಣ್ಣು. ಐಟಿ ಕಟ್ಟಡಗಳ ನೆಲಮಾಳಿಗೆಗೆಂದು ಅಗೆದ ಆ ಮಣ್ಣನ್ನು ಟಿಪ್ಪರುಗಳು ಹೊರಗೆ ಸಾಗಿಸುತ್ತವೆ, ಗೋಡೆಗೆ ಬೇಕಾದ ಬ್ಲಾಕುಗಳು ಬೇರೆಲ್ಲಿಂದಲೋ ಬರುತ್ತವೆ. ಅಗೆದ ಮಣ್ಣನ್ನೇ ಗೋಡೆಯಾಗಿಸುವ ವಿದ್ಯೆ ಇದೇ ಊರಿನಲ್ಲಿದೆ. ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಕೋಟೆಯೂ ಮೊದಲಿಗೆ ಮಣ್ಣಿನದೇ.

1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಕಟ್ಟಿದರು. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಒತ್ತಿದ ಮಣ್ಣಿನ ಇಟ್ಟಿಗೆ, ದಿಮ್ಮಸು ಹೊಡೆದ (ಮಣ್ಣನ್ನು ಬಡಿದು ಗಟ್ಟಿ ಮಾಡಿದ) ಗೋಡೆ ಎರಡನ್ನೂ ಪ್ರಯೋಗಾಲಯಕ್ಕೆ ತಂದು ಪರೀಕ್ಷಿಸಿದರು. ನಮ್ಮ ಕೆಂಪು ಮಣ್ಣಿನ ಜೇಡಿ ನೀರು ಕುಡಿದರೂ ಹೆಚ್ಚು ಉಬ್ಬುವುದಿಲ್ಲ. ಹಾಗಾಗಿ ಅದು ಸಿಮೆಂಟಿಗೆ ಒಗ್ಗುತ್ತದೆ. ಉಬ್ಬಿ ಬಿರಿಯುವ ಎರೆಮಣ್ಣಿಗಾದರೆ ಸುಣ್ಣವೇ ಬೇಕು.

ಕೆಲಸ ಶುರುವಾಗುವುದು ಜರಡಿಯಿಂದ. ಬೇರು, ಗೊಬ್ಬರವಿರುವ ಮೇಲ್ಮಣ್ಣು ಗೋಡೆಗೆ ಬಾರದು. ಜೇಡಿ ಹೆಚ್ಚಿದ್ದರೆ ಮರಳು ಇಲ್ಲವೇ ಕ್ವಾರಿ ಪುಡಿ ಬೆರೆಸಿ, ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಸೇರಿಸುತ್ತಾರೆ. ನೀರು ತೀರಾ ಕಡಿಮೆ: ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ಎದೆಯೆತ್ತರದಿಂದ ಬಿಟ್ಟರೆ ನಾಲ್ಕಾರು ಚೂರಾಗಬೇಕು. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಯಿತು. ಈ ಹದವನ್ನು ಹಳೆಯ ಮೇಸ್ತ್ರಿಯ ಕೈ ಯಾವ ಯಂತ್ರಕ್ಕೂ ಕಡಿಮೆಯಿಲ್ಲದಂತೆ ಅಳೆಯುತ್ತದೆ. ಹಲಗೆಗಳ ನಡುವೆ ಆರಂಗುಲ ಮಣ್ಣು ಹರಡಿ, ನಾಲ್ಕಂಗುಲಕ್ಕೆ ಇಳಿಯುವವರೆಗೆ ದಿಮ್ಮಸು ಹೊಡೆದು, ಅದರ ಮೇಲೆ ಮುಂದಿನ ಪದರ. ಹಲಗೆ ಬಿಚ್ಚಿದಾಗ ಬೆಟ್ಟದ ಸೀಳಿನಂತೆ ಪದರಗಳು ಕಾಣುತ್ತವೆ. ಅದರ ಮೇಲೆ ಗಾರೆ ಬಳಿಯುವುದು ಅನ್ಯಾಯ. ಹಲಗೆ ಬಿಚ್ಚಿದ ಮೇಲೆ ಗೋಡೆಗೆ ವಾರಗಟ್ಟಲೆ ಒದ್ದೆ ಗೋಣಿ ಹೊದಿಸಬೇಕು.

ಹತ್ತಡಿ ಉದ್ದ, ಹತ್ತಡಿ ಎತ್ತರ, ಒಂಬತ್ತು ಅಂಗುಲ ದಪ್ಪದ ಗೋಡೆ 75 ಘನ ಅಡಿ. ಎಂಟಡಿ ಚೌಕ, ಆರಡಿ ಆಳದ ಒಂದು ಸಂಪಿನ ಮಣ್ಣಿನಲ್ಲಿ ಅಂಥ ಮೂರು ಗೋಡೆ ಏಳುತ್ತವೆ. ಇಟ್ಟಿಗೆ ಗೂಡಿನ ಸೌದೆ, ಕಲ್ಲಿದ್ದಲು ಎರಡೂ ಉಳಿತಾಯ. ಆದರೆ ಸಿಮೆಂಟಿನ ಪಾಲು ಏರಿಸುತ್ತ ಹೋದರೆ ಆ ಉಳಿತಾಯವೂ ಕರಗುತ್ತದೆ.

ಈ ವಿಧಾನ ದೊಡ್ಡ ಪ್ರಮಾಣಕ್ಕೆ ಸಲ್ಲದು ಎನ್ನುವವರಿಗೆ ಹರಿಯಾಣದ ಕರ್ನಾಲ್ ಉತ್ತರ. ದೇಶ ವಿಭಜನೆಯ ನಂತರ, 1948ರ ಸುಮಾರಿಗೆ ಅಲ್ಲಿ ಸಾವಿರಾರು ಮನೆಗಳು ಸಿಮೆಂಟ್ ಬೆರೆಸಿ ದಿಮ್ಮಸು ಹೊಡೆದ ಮಣ್ಣಿನಲ್ಲೇ ಎದ್ದವು.

ಆದರೂ ಎಚ್ಚರ ಬೇಕು: ನೆನೆದ ಮಣ್ಣಿನ ಗೋಡೆ ಒಣಗಿದ್ದಕ್ಕಿಂತ ದುರ್ಬಲ. ಆದ್ದರಿಂದ ಕಲ್ಲಿನ ತಳಪಾಯ ನೆಲದಿಂದ ಮೇಲೆ ಬರಬೇಕು, ಸೂರು ಮುಂದಕ್ಕೆ ಚಾಚಬೇಕು. ಮನೆ ಕಟ್ಟಿಸುವವರು ಇನ್ನೊಂದನ್ನು ಮೊದಲೇ ತೀರ್ಮಾನಿಸಲಿ: ಸ್ವಿಚ್‌ಬೋರ್ಡ್ ಎಲ್ಲಿ, ಪೈಪ್ ಎಲ್ಲಿ ಎಂಬುದು. ಪದರ ಕೂತ ಮೇಲೆ ಉಳಿಯಿಂದ ಕೊರೆದರೆ ಆ ಗೋಡೆಗೆ ತೇಪೆ ಹಾಕಿದರೂ ಹೊಂದುವುದಿಲ್ಲ.