ಕತ್ತು ತಿರುಚುವ ಮರಿ, ತಾಯಿಯ ರಕ್ತದಲ್ಲಿ ಸುಳಿವು

ಕೋಳಿಮರಿ ಕತ್ತು ತಿರುಚಿಕೊಂಡು ನಿಂತಲ್ಲೇ ಸುತ್ತತೊಡಗಿದರೆ ನಾಗಮಂಗಲ, ಕೆ.ಆರ್. ಪೇಟೆಯ ಕಡೆ ಮೊದಲು ಕೇಳಿಬರುವ ಹೆಸರು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಅನುಮಾನ ಸರಿಯಾದದ್ದೇ, ರಾಣಿಖೇತ್ ವೈರಸ್ ನರಗಳನ್ನು ಹಿಡಿಯುತ್ತದೆ. ಆದರೆ ವಾರವೂ ತುಂಬದ ಮರಿಗಳಲ್ಲಿ ಬ್ಯಾಕ್ಟೀರಿಯಾವನ್ನೂ ಹುಡುಕಬೇಕು. ಮಾಯದ ಹೊಕ್ಕುಳಿನಿಂದ, ಹೊಟ್ಟೆಯೊಳಗೆ ಕರಗದೆ ಉಳಿದ ಹಳದಿಯಿಂದ ಇ. ಕೋಲಿ, ಸಾಲ್ಮೊನೆಲ್ಲಾ ರಕ್ತಕ್ಕೆ ಸೇರುತ್ತವೆ. ಕೆಲವು ಮರಿಗಳಲ್ಲಿ ಮಿದುಳಿನ ಪೊರೆಯವರೆಗೂ ಹೋಗುತ್ತವೆ.

ಇಂಥ ಬ್ಯಾಕ್ಟೀರಿಯಾ ಮರಿಗೆ ಎಲ್ಲಿಂದ ಬರುತ್ತದೆ ಎಂಬ ತಿಳಿವಳಿಕೆ ಶುರುವಾದದ್ದು ಬಿಳಿ ಭೇದಿಯಿಂದ. ಅಮೆರಿಕದಲ್ಲಿ ಮರಿಗಳು ಸುಣ್ಣದಂಥ ಹಿಕ್ಕೆ ಹಾಕುತ್ತ ರಾಶಿರಾಶಿಯಾಗಿ ಸಾಯುತ್ತಿದ್ದವು. ಸೂಕ್ಷ್ಮಾಣು ವಿಜ್ಞಾನಿ ಲಿಯೊ ರೆಟ್ಗರ್ 1900ರ ಹೊತ್ತಿಗೆ ಅದರ ಸೂಕ್ಷ್ಮಾಣುವನ್ನು ಗುರುತಿಸಿದರು. ಇಂದು ಅದರ ಹೆಸರು ಸಾಲ್ಮೊನೆಲ್ಲಾ ಪುಲ್ಲೋರಮ್. 1909ರಲ್ಲಿ ರೆಟ್ಗರ್ ಮತ್ತು ಸ್ಟೋನ್‌ಬರ್ನ್ ತೋರಿಸಿದ್ದು ಇನ್ನೂ ದೊಡ್ಡದು: ಆರೋಗ್ಯವಾಗಿ ಕಾಣುವ ಹೇಂಟೆಯ ಅಂಡಾಶಯದಲ್ಲಿ ರೋಗ ಅಡಗಿರುತ್ತದೆ, ಮೊಟ್ಟೆಯಲ್ಲೇ ಮರಿಗೆ ದಾಟುತ್ತದೆ. ನನ್ನ ಮಟ್ಟಿಗೆ ಕೋಳಿ ವೈದ್ಯದ ದಿಕ್ಕು ಬದಲಾದದ್ದು ಅಲ್ಲೇ. ಮರಿಗೆ ಔಷಧಿ ಕುಡಿಸುವುದಕ್ಕಿಂತ ತಾಯಿಯನ್ನು ಪರೀಕ್ಷಿಸುವುದು ಮುಖ್ಯವಾಯಿತು.

1913ರಲ್ಲಿ ಜೋನ್ಸ್ ಎಂಬ ವಿಜ್ಞಾನಿ ಅದಕ್ಕೊಂದು ರಕ್ತಪರೀಕ್ಷೆ ತಂದರು. ಆ ಪರೀಕ್ಷೆಗೆ ಪ್ರಯೋಗಾಲಯ ಬೇಕಿತ್ತು. 1931ರಲ್ಲಿ ಶಾಫರ್ ಮತ್ತು ಮ್ಯಾಕ್‌ಡೊನಾಲ್ಡ್ ಬಣ್ಣ ಹಾಕಿದ ಆಂಟಿಜೆನ್ (ಅದೇ ಸೂಕ್ಷ್ಮಾಣುವನ್ನು ಕೊಂದು ಮಾಡಿದ ದ್ರವ) ಬಳಸಿ ಅದನ್ನು ಕೋಳಿಗೂಡಿನ ಬಳಿಗೇ ತಂದರು. ರೆಕ್ಕೆಯ ರಕ್ತನಾಳದಿಂದ ತೆಗೆದ ಒಂದು ಹನಿ ರಕ್ತವನ್ನು ಬಿಳಿ ಹೆಂಚಿನ ಮೇಲೆ ಆಂಟಿಜೆನ್ ಜತೆ ಕಲಸಿದರೆ, ಸೋಂಕಿದ್ದಲ್ಲಿ ಎರಡು ನಿಮಿಷದೊಳಗೆ ನೀಲಿ ಗರಣೆ ಕಟ್ಟುತ್ತದೆ. ಅಂಥ ಹೇಂಟೆಯ ಮೊಟ್ಟೆಯನ್ನು ಮರಿ ಮಾಡಿಸಬಾರದು, ಅಷ್ಟೆ.

ನಮ್ಮಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಜಾನುವಾರುಗಳ ದೊಡ್ಡರೋಗಕ್ಕಾಗಿ ಹುಟ್ಟಿದ ಮೈಸೂರು ಸೀರಂ ಸಂಸ್ಥೆ, ಈಗಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ, ಕೋಳಿ ಲಸಿಕೆಗಳನ್ನೂ ತಯಾರಿಸುತ್ತ ಬಂದಿದೆ. ರೋಗ ಪತ್ತೆಗೂ ಅಲ್ಲಿ ಪ್ರಯೋಗಾಲಯವಿದೆ.

ಆದರೂ ಮರಿ ಮಂಕಾದ ಕೂಡಲೇ ನೀರಿಗೆ ಆಂಟಿಬಯಾಟಿಕ್ ಬೆರೆಸುವ ಅಭ್ಯಾಸ ಹೋಗಿಲ್ಲ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಕೂಡ ಕೋಳಿಗೆ ಸಲ್ಲುತ್ತಿತ್ತು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೋಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಔಷಧಿ ಬೆರೆಸುವ ಬದಲು ಕತ್ತು ತಿರುಚಿದ ಒಂದೆರಡು ಮರಿಗಳನ್ನು ಸಾಯುವ ಮುನ್ನವೇ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದರೆ ಮಿದುಳು, ಹಳದಿ ಚೀಲದ ಮಾದರಿ ಸಿಗುತ್ತದೆ. ಜತೆಗೆ ಮರಿ ಯಾವ ಹ್ಯಾಚರಿಯದು, ಮೊಟ್ಟೆ ಯಾವ ದಿನ ಒಡೆದದ್ದು ಎಂಬುದನ್ನೂ ಹೇಳಬೇಕು. ಅದೇ ಹ್ಯಾಚರಿಯ ಅದೇ ದಿನದ ಮರಿ ಪಾಂಡವಪುರದಲ್ಲೂ ಶ್ರೀರಂಗಪಟ್ಟಣದಲ್ಲೂ ಕತ್ತು ತಿರುಚುತ್ತಿದ್ದರೆ ಹುಡುಕಬೇಕಾದದ್ದು ಹ್ಯಾಚರಿಯಲ್ಲಿ, ಅದಕ್ಕೆ ಮೊಟ್ಟೆ ಕೊಟ್ಟ ತಾಯಿಕೋಳಿಗಳಲ್ಲಿ.