ರುಜುವಿಲ್ಲದ ಹೂದಾನಿ

ಹೂದಾನಿಯನ್ನು ಕೈಗೆ ಕೊಟ್ಟರೆ ಆ ಹಿರಿಯರು ಅದನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿ, ಕೆತ್ತನೆಯ ಏಣುಗಳ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮಗುಚಿ ಹಿಡಿದು, ಕನ್ನಡಕ ಒರೆಸುವ ಮುನ್ನ ನಾವು ಮಾಡುತ್ತೇವಲ್ಲ, ಹಾಗೆ ತಳಕ್ಕೆ ಬಾಯಿಯ ಆವಿ ಊದಿದರು. ಗಾಜು ಮಬ್ಬಾಯಿತು. ಮಬ್ಬು ಆರುವ ಎರಡು ಕ್ಷಣದಲ್ಲೇ ದೀಪಕ್ಕೆ ಓರೆಯಾಗಿ ಹಿಡಿದು ದಿಟ್ಟಿಸಿದರು. ಮತ್ತೆ ಊದಿದರು. ತಳ, ಅಂಚು, ಕತ್ತು, ಹೀಗೆ ಆರೇಳು ಸಲ.

‘ರುಜು ಇಲ್ಲ’ ಎಂದರು.

ಹೂದಾನಿ ರಾಚೆಸ್ಟರ್‌ನಲ್ಲಿರುವ ನನ್ನ ಅಕ್ಕನದು. ನೆರೆಮನೆಯ ಅಜ್ಜಿ ತೀರಿಕೊಂಡ ಮೇಲೆ ಅವರ ಸಾಮಾನು ಮಾರಿದ ದಿನ ಕೊಂಡದ್ದು. ‘ಇದನ್ನ ಮಾಡಿದೋರು ಯಾರು ಅಂತ ತಿಳೀಬೇಕು ಕಣೇ’ ಎಂದು ಪಟ್ಟು ಹಿಡಿದಿದ್ದಳು. ಅದಕ್ಕೇ ಇಬ್ಬರೂ ಕಾರ್ನಿಂಗ್‌ಗೆ ಬಂದಿದ್ದೆವು. ನಮಗೆ ಸಿಕ್ಕ ಹಿರಿಯರು ಹಳೆಯ ಕಟ್ ಗ್ಲಾಸ್ ಕೂಡಿಡುವವರು. ಅವರ ತಾತ ಇದೇ ಊರಿನಲ್ಲಿ ಗಾಜಿಗೆ ಸಾಣೆ ಹಿಡಿದವರು.

ನ್ಯೂಯಾರ್ಕ್ ರಾಜ್ಯದ ಈ ಪುಟ್ಟ ಊರಿಗೆ ‘ಕ್ರಿಸ್ಟಲ್ ಸಿಟಿ’ ಎಂದೇ ಹೆಸರು. 1868ರಲ್ಲಿ ಬ್ರೂಕ್ಲಿನ್‌ನ ಗಾಜಿನ ಕಾರ್ಖಾನೆಯೊಂದು ಇಲ್ಲಿಗೆ ಬಂತು. ಅದರ ಜೊತೆಗೇ ಜಾನ್ ಹೋರ್ ಎಂಬಾತ ಕೆತ್ತನೆಯ ಅಂಗಡಿ ತೆರೆದ. ಅವನ ಕೈಕೆಳಗೆ ಕೆಲಸ ಮಾಡಿದ ಐರ್ಲೆಂಡಿನ ಥಾಮಸ್ ಹಾಕ್ಸ್ 1880ರಲ್ಲಿ ತನ್ನದೇ ಕಂಪನಿ ಕಟ್ಟಿದ. 1889ರ ಪ್ಯಾರಿಸ್ ಮೇಳದಲ್ಲಿ ಹಾಕ್ಸ್ ಕಂಪನಿಗೆ ಮಹಾ ಬಹುಮಾನ ಬಂದಾಗ ಅಮೆರಿಕದ ಗಾಜಿಗೆ ಜಗತ್ತಿನ ಮರ್ಯಾದೆ ಸಿಕ್ಕಿತು. ಮುಂದೆ ಮೊದಲ ಮಹಾಯುದ್ಧ, ಅಚ್ಚಿನಲ್ಲಿ ಒತ್ತಿದ ಅಗ್ಗದ ಗಾಜು, ಬದಲಾದ ಅಭಿರುಚಿ ಎಲ್ಲ ಸೇರಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಾಕ್ಸ್ 1962ರವರೆಗೆ ಉಳಿದಿತ್ತು.

ಹಿರಿಯರು ತೋರಿಸಿದ ಕೆಲಸದ ಬಗೆ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಊದಿ ಮಾಡಿದ ದಪ್ಪ ಸೀಸದ ಗಾಜಿನ ಮೇಲೆ ಬಣ್ಣದಲ್ಲಿ ಕೆಲವೇ ಗೆರೆ ಎಳೆಯುತ್ತಿದ್ದರು. ಆಮೇಲೆ ತಿರುಗುವ ಕಬ್ಬಿಣದ ಚಕ್ರ, ಅದರ ಮೇಲೆ ತೊಟ್ಟಿಕ್ಕುವ ಮರಳು ನೀರು. ಕೆತ್ತುವವನು ಪಾತ್ರೆಯನ್ನು ಚಕ್ರದ ಮೇಲೆ ಒತ್ತಿ ಹಿಡಿಯುತ್ತಾನೆ. ಚಕ್ರ ಕೊರೆಯುವುದು ಆಚೆ ಬದಿಯಲ್ಲಿ. ಅವನಿಗೆ ಗೆರೆ ಕಾಣುವುದು ಗಾಜಿನೊಳಗಿನಿಂದ ಇಣುಕಿದರೆ ಮಾತ್ರ. ಒಂದು ಕೂದಲಿನಷ್ಟು ಹೆಚ್ಚು ಒತ್ತಿದರೂ ಪಾತ್ರೆ ಕೆಟ್ಟಿತು. ನಂತರ ಕಲ್ಲಿನ ಚಕ್ರದಲ್ಲಿ ನುಣುಪು, ಮರದ ಚಕ್ರದಲ್ಲಿ ಹೊಳಪು. ಹೊಳಪಿಗೆ ಬಳಸಿದ ಪುಡಿಯಲ್ಲಿ ಸೀಸವಿತ್ತು, ಗಾಳಿಯಲ್ಲಿ ಗಾಜಿನ ದೂಳಿತ್ತು. ‘ತಾತನ ಕೆಮ್ಮು ಬೀದಿಗೆ ಕೇಳಿಸ್ತಿತ್ತಂತೆ’ ಎಂದರು ಹಿರಿಯರು, ಹೂದಾನಿಯಿಂದ ಕಣ್ಣೆತ್ತದೆ.

ರುಜು ಎಂದರೆ ಕಂಪನಿಯ ಗುರುತು. ಆಸಿಡ್‌ನಲ್ಲಿ ಅದ್ದಿದ ರಬ್ಬರ್ ಮುದ್ರೆಯನ್ನು ಗಾಜಿಗೆ ಒತ್ತುತ್ತಿದ್ದರು. ಉಗುರಿಗೂ ಸಿಕ್ಕದಷ್ಟು ತೆಳುವಾದ ಅಚ್ಚು ಅದು. ಬಾಯಾವಿ ತಾಕಿದಾಗಷ್ಟೇ ಎದ್ದು ಬರುತ್ತದೆ. ಹಾಕ್ಸ್‌ನವರದು ಮೂರೆಸಳಿನ ಚೌಕಟ್ಟಿನಲ್ಲಿ ಗಿಡುಗ. ಇದೇ ಊರಿನ ಇನ್ನೊಂದು ಕಂಪನಿ ಸಿಂಕ್ಲೇರ್‌ನವರದು ಹಾರದೊಳಗೊಂದು ‘ಎಸ್’.

ಗುರುತಿಲ್ಲದಿದ್ದರೆ? ಹಿರಿಯರು ಹೂದಾನಿಯನ್ನು ಕತ್ತಲೆ ಕೋಣೆಗೆ ಒಯ್ದು ನೇರಳಾತೀತ ಟಾರ್ಚ್ ಹಾಕಿದರು. ಗಾಜು ಎಳೆನಿಂಬೆಯ ಹಳದಿ ಹಸಿರಿನಲ್ಲಿ ಮಿನುಗಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು. ‘ವಯಸ್ಸು ಸರಿಯಾಗಿದೆ’ ಎಂದರು ಹಿರಿಯರು. ಹೆಸರನ್ನು ಮಾತ್ರ ಬೆಳಕು ಹೇಳುವುದಿಲ್ಲ.

ಹಾಗಾದರೆ ವಿನ್ಯಾಸ ಹೇಳಬೇಕಲ್ಲ? ಅಕ್ಕನ ಹೂದಾನಿಯದು ‘ರಷ್ಯನ್’ ವಿನ್ಯಾಸ: ಮೈತುಂಬ ನಕ್ಷತ್ರಗಳು, ನಡುನಡುವೆ ಗುಂಡಿಯಂಥ ಉಬ್ಬುಗಳು. 1882ರಲ್ಲಿ ಹಾಕ್ಸ್ ಕಂಪನಿಗಾಗಿ ಫಿಲಿಪ್ ಮೆಕ್‌ಡೊನಾಲ್ಡ್ ಪೇಟೆಂಟ್ ಪಡೆದದ್ದು. ಆದರೆ 1891ರಲ್ಲಿ ಶ್ವೇತಭವನದ ಊಟದ ಮೇಜಿಗೆ ಇದೇ ವಿನ್ಯಾಸದ ಗಾಜು ಬಂದದ್ದು ಪೆನ್ಸಿಲ್ವೇನಿಯಾದ ವೈಟ್ ಮಿಲ್ಸ್‌ನಿಂದ, ಡಾರ್ಫ್ಲಿಂಗರ್ ಕಾರ್ಖಾನೆಯಿಂದ! ಡಾರ್ಫ್ಲಿಂಗರ್ ಕೆತ್ತದ ಬರಿಗಾಜನ್ನೂ ಬೇರೆಯವರಿಗೆ ಮಾರುತ್ತಿತ್ತು. ಗಾಜು ಒಬ್ಬರದು, ವಿನ್ಯಾಸ ಇನ್ನೊಬ್ಬರದು, ಕೆತ್ತಿದ ಕೈ ಮತ್ತೊಬ್ಬರದು.

ಕೊನೆಗೆ ಉಳಿಯುವುದು ಕಾಗದ. ಕಂಪನಿಗಳು ವ್ಯಾಪಾರಿಗಳಿಗೆ ಕಳಿಸುತ್ತಿದ್ದ ಚಿತ್ರಗಳ ಕ್ಯಾಟಲಾಗ್‌ಗಳಲ್ಲಿ ಆಕಾರ, ಅಂಚು, ಪಾದ ಎಲ್ಲವನ್ನೂ ಹೋಲಿಸಬೇಕು. ಅಂಥವು ಇಲ್ಲಿನ ಗಾಜಿನ ವಸ್ತುಸಂಗ್ರಹಾಲಯದ ರಾಕೋ ಗ್ರಂಥಾಲಯದಲ್ಲಿವೆ. ಯಾರು ಬೇಕಾದರೂ ಹೋಗಿ ಕೇಳಬಹುದು. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತಕ್ಕೆ ಶೆಮಂಗ್ ನದಿ ಉಕ್ಕಿ ಸಂಗ್ರಹಾಲಯದೊಳಗೆ ನುಗ್ಗಿತು. 13,000 ಗಾಜಿನ ವಸ್ತುಗಳಲ್ಲಿ 528ಕ್ಕೆ ಪೆಟ್ಟಾಯಿತು. ಪುಸ್ತಕಗಳಿಗೆ ಆದ ಗತಿ ಇನ್ನೂ ಘೋರ: ನೀರು ಕುಡಿದು ಊದಿಕೊಂಡವು. ಬೂಸು ಹಿಡಿಯದಂತೆ ಅವನ್ನು ಹಿಮಗಟ್ಟಿಸಿ ಇಟ್ಟು, ವರ್ಷಗಟ್ಟಲೆ ಒಣಗಿಸಿ ಉಳಿಸಿಕೊಂಡರು. ಗಾಜನ್ನು ಕೆಸರಿನಿಂದ ಎತ್ತಿ ತೊಳೆದರೆ ಮತ್ತೆ ಹೊಳೆಯುತ್ತದೆ, ಕಾಗದ ಹಾಗಲ್ಲ. ಹಳೆಯ ಅಂಗಡಿಯ ಲೆಕ್ಕದ ಪುಸ್ತಕ, ಬೆಲೆಪಟ್ಟಿಗಳನ್ನು ರದ್ದಿಗೆ ಹಾಕುವ ಎಲ್ಲರನ್ನೂ ಆ ಗ್ರಂಥಾಲಯಕ್ಕೆ ಒಮ್ಮೆ ಕರೆತರಬೇಕೆನಿಸುತ್ತದೆ.

ಅಲ್ಲಿ ಮಧ್ಯಾಹ್ನವಿಡೀ ಹಾಳೆ ತಿರುವಿದೆವು. ಹಾಕ್ಸ್‌ನ ಹಾಳೆಗಳಲ್ಲಿ ಅದೇ ನಕ್ಷತ್ರ, ಅದೇ ಗುಂಡಿ ಇದ್ದವು. ಕತ್ತು ಹೀಗೆ ಕಿರಿದಾಗಿ ಮತ್ತೆ ಅರಳಿದ ಹೂದಾನಿ ಮಾತ್ರ ಎಲ್ಲೂ ಸಿಗಲಿಲ್ಲ. ಡಾರ್ಫ್ಲಿಂಗರ್‌ನವರು ಆಸಿಡ್ ಮುದ್ರೆ ಒತ್ತುತ್ತಿರಲಿಲ್ಲವಂತೆ, ಕಾಗದದ ಚೀಟಿ ಅಂಟಿಸುತ್ತಿದ್ದರಂತೆ. ಮೊದಲ ಸಲ ತೊಳೆದ ದಿನವೇ ಹೆಸರು ನೀರುಪಾಲು.

ಹೊರಡುವಾಗ ಹಿರಿಯರು ಪೆನ್ಸಿಲ್‌ನಲ್ಲಿ ‘ಡಾರ್ಫ್ಲಿಂಗರ್’ ಎಂದು ಒಂದು ಚೀಟಿ ಬರೆದು, ಮುಂದೆ ಪ್ರಶ್ನೆ ಚಿಹ್ನೆ ಹಾಕಿ, ಮಡಚಿ ಹೂದಾನಿಯೊಳಗೆ ಇಳಿಬಿಟ್ಟರು. ಆ ಚೀಟಿ ನೆನೆದೀತೆಂದು ಅಕ್ಕ ಈವರೆಗೂ ಅದರಲ್ಲಿ ಹೂವಿಟ್ಟಿಲ್ಲ.